ಐದಡಿ ನಾಲ್ಕಿಂಚು

"ಅಪ್ಪಾ, ದೊಡ್ಡಪ್ಪ ಹೋಗ್ಬಿಟ್ರು."

ವಡೋದರಾದಿಂದ ಮಗಳು ಚಿನ್ಮಯಿಯ ಫೋನು ಬಂದಾಗ ಉಮಾಕಾಂತ ಅಹಮದಾಬಾದಿನ ನವರಂಗಪುರದ ಕಚೇರಿಯೊಂದರಲ್ಲಿ, ಅಲ್ಲಿಟ್ಟಿದ್ದ ಪಂಪಿನ ಫೋಟೊಗೆಂದು ದೀಪಗಳನ್ನು ಹೊಂದಿಸುತ್ತಿದ್ದ. ಜ್ವರವೆಂದು ಅಣ್ಣ ಶಂಕರನಾರಾಯಣ ಮನೆಯಲ್ಲೇ ಉಳಿದಿದ್ದ. ಅವನು ನಿಲ್ಲಬೇಕಾದ ಜಾಗದಲ್ಲಿ ಒಂದು ಕೊಡೆಯನ್ನು ಒರಗಿಸಿಟ್ಟಿದ್ದ. ಉಮಾಕಾಂತ ಬಹಳ ಹೊತ್ತು ಆ ಕೊಡೆಯನ್ನೇ ನೋಡುತ್ತ ನಿಂತ.

ಹದಿನೆಂಟು ವರ್ಷಗಳಿಂದ ಅಣ್ಣತಮ್ಮಂದಿರದು ಒಂದೇ ಕಸುಬು, ಕಾರ್ಖಾನೆಗಳ ಯಂತ್ರಗಳ ಫೋಟೊ ತೆಗೆಯುವುದು. ಬೆಳಕು ನೋಡಿಕೊಳ್ಳಲೆಂದು ತೆಗೆಯುವ ಮೊದಲ ಪಟದಲ್ಲಿ ಅಣ್ಣ ಬಿಳಿ ಶರ್ಟು ತೊಟ್ಟು ಯಂತ್ರದ ಪಕ್ಕ ನಿಲ್ಲುತ್ತಿದ್ದ. ಬೆಳಕು ಸರಿಯಾದ ಮೇಲೆ ತಮ್ಮ, "ಅಣ್ಣಾ, ಈಚೆ ಬಾ" ಎನ್ನುತ್ತಿದ್ದ. ಅವನು ಸರಿದ ಮೇಲೆ ತೆಗೆದ ಎರಡನೆಯ ಪಟವಷ್ಟೇ ಗಿರಾಕಿಗೆ. ಸೂರತ್ತಿನ ಉಧ್ನಾದ ಮಗ್ಗಗಳಿಂದ ಹಿಡಿದು ವಡೋದರಾದ ಬಾಯ್ಲರುಗಳವರೆಗೆ, ಯಾವ ಕ್ಯಾಟಲಾಗಿನಲ್ಲೂ ಅಣ್ಣನ ನೆರಳು ಬಿದ್ದದ್ದಿಲ್ಲ.

ಕರ್ಮಾಂತರ ಮುಗಿದ ವಾರಕ್ಕೆ ಬಾಯ್ಲರ್ ಕಾರ್ಖಾನೆಯ ರಾಕೇಶ್‌ಭಾಯ್ ಖಡಾಖಂಡಿತವಾಗಿ ಹೇಳಿದ್ದ: "ಅಹಮದಾಬಾದಿನ ಫೋಟೊದವರು ಡಿಜಿಟಲ್ ಕ್ಯಾಮೆರಾ ತಂದಿದ್ದಾರೆ, ಬ್ಲಾಗೂ ಬರೀತಾರೆ. ನೀವೂ ಬರೀರಿ ಭಾಯ್. ಶುಕ್ರವಾರ ಓದಿ ನೋಡ್ತೀನಿ, ಯಾರದು ಹಿಡಿಸುತ್ತೋ ಅವರಿಗೆ ಕೆಲಸ." ಆ ಕೆಲಸ ಕೈಬಿಟ್ಟರೆ ಸ್ಟುಡಿಯೊಗೆ ಬೀಗವೇ ಗತಿ.

ಗುರುವಾರ ಮಧ್ಯಾಹ್ನ ಚಿನ್ಮಯಿ ಕಂಪ್ಯೂಟರಿನ ಮುಂದೆ ಕೂತಳು.

"ನಮ್ಮ ಲೆನ್ಸ್ ಬಗ್ಗೆ ಬರೆಯೋಣ್ವಾ?"

"ರಾಕೇಶ್‌ಭಾಯ್ ಆಕಳಿಸ್ತಾನೆ."

"ದೀಪಾವಳಿ ಶುಭಾಶಯ?"

"ಅದನ್ನ ಸೀರೆ ಅಂಗಡಿಯವ್ರೂ ಹಾಕ್ತಾರೆ, ಹೋಗೆ!"

"ಹಾಗಾದ್ರೆ ನೀವೇ ಹೇಳಿ. ಬರೀ ಬೇಡ ಬೇಡ ಅಂದ್ರೆ ಕೈಸೆ ಚಲೇಗಾ?"

ಉಮಾಕಾಂತ ಸಿಡುಕಿ ಹಳೆಯ ಪೆಟ್ಟಿಗೆಯನ್ನು ಎಳೆದು ಸುರಿದ. ಮೊದಲ ಪಟಗಳು ನೂರಾರು. ಎಲ್ಲದರಲ್ಲೂ ಅದೇ ಬಿಳಿ ಶರ್ಟು. ಒಂದು ಬಾಯ್ಲರಿನ ಬಳಿ ಅಣ್ಣ ಅಂಗೈಯಷ್ಟು ಪುಟ್ಟವನು, ಇನ್ನೊಂದರಲ್ಲಿ ಪಂಪು ಅವನ ಮೊಣಕಾಲಿಗೂ ಬಾರದು.

"ಅಪ್ಪಾ!" ಚಿನ್ಮಯಿ ಕುರ್ಚಿಯಿಂದ ಎದ್ದೇಬಿಟ್ಟಳು. "ಯಂತ್ರ ಎಷ್ಟು ದೊಡ್ಡದು ಅಂತ ಈಗ ಗೊತ್ತಾಗ್ತಿದೆ! ಕ್ಯಾಟಲಾಗಲ್ಲಿ ಇದು ಗೊತ್ತೇ ಆಗಲ್ವಲ್ಲ!"

ಉಮಾಕಾಂತ ಪಟಗಳನ್ನು ಒಂದೊಂದಾಗಿ ಮತ್ತೆ ತಿರುವಿ ನೋಡಿದ. ಕೊಳ್ಳುವವರು ಮೊದಲು ಕೇಳುವುದೇ ಅದನ್ನು! ಆದರೂ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ರುಕ್ಮಿಣಿಯ ಕಡೆ ಅಳುಕುತ್ತ ನೋಡಿದ. "ಅತ್ತಿಗೆ, ಅಣ್ಣನ್ನ ಊರಿಗೆಲ್ಲ ತೋರಿಸೋದು..."

ರುಕ್ಮಿಣಿ ಒಂದು ಪಟವನ್ನು ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದಳು. "ಇಷ್ಟು ವರ್ಷ ಪಕ್ಕಕ್ಕೆ ಸರಿಸಿದ್ದು ಸಾಕು ಬಿಡಪ್ಪ. ಎತ್ತರ ಐದಡಿ ನಾಲ್ಕಿಂಚು ಅಂತ ಬರಿ. ಶರ್ಟು ಹೊಲಿಸ್ತಿದ್ದವಳು ನಾನು, ನಂಗೊತ್ತು."

ಆಮೇಲೆ ಮನೆಯಲ್ಲಿ ಮದುವೆಮನೆಯಂಥ ಗಡಿಬಿಡಿ. ಉಮಾಕಾಂತ ಕನ್ನಡದಲ್ಲಿ ಹೇಳುತ್ತ ಹೋದ, ಚಿನ್ಮಯಿ ಇಂಗ್ಲಿಷಿನಲ್ಲಿ ಕುಟ್ಟುತ್ತ ಹೋದಳು, ರುಕ್ಮಿಣಿ ಪಟಗಳನ್ನು ಆರಿಸಿ ಕೊಟ್ಟಳು. ಮಧ್ಯೆ ಇಂಟರ್ನೆಟ್ ಲೈನು ಎರಡು ಸಲ ಕಡಿದುಹೋಯಿತು. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಹನ್ನೆರಡು ಯಂತ್ರಗಳ ಪಕ್ಕ ಹನ್ನೆರಡು ಶಂಕರನಾರಾಯಣರು ಪರದೆಯ ಮೇಲೆ ನಿಂತಿದ್ದರು.

ಶುಕ್ರವಾರ ರಾಕೇಶ್‌ಭಾಯ್ ಫೋನಿನಲ್ಲೇ ಕುಣಿದ. "ಅರೇ ವಾಹ್! ಸೈಜು ಎಷ್ಟು ಅಂತ ವಿದೇಶದವರು ನನ್ನ ತಲೆ ತಿಂತಿದ್ರು! ನಾಳೆ ಹೊಸ ಬಾಯ್ಲರ್ ಫೋಟೊ ತೆಗೀಬೇಕು, ಬನ್ನಿ. ಆ ಬಿಳಿ ಶರ್ಟಿನ ಭಾಯ್‌ನ ಮಾತ್ರ ಮರೀಬೇಡಿ!"

"ಅವರು ನಮ್ಮಣ್ಣ. ಹೋದ ತಿಂಗಳು ತೀರಿಕೊಂಡರು, ಭಾಯ್."

ರಾಕೇಶ್‌ಭಾಯ್ ದನಿ ತಗ್ಗಿಸಿದ. "ನನಗೆ ಗೊತ್ತಿರಲಿಲ್ಲ. ನೀವು ಬನ್ನಿ," ಎಂದ.

ಶನಿವಾರ ಬೆಳಿಗ್ಗೆ ಉಮಾಕಾಂತ ಟೇಪು ಹಿಡಿದು ನೆಲದಿಂದ ಐದಡಿ ನಾಲ್ಕಿಂಚು ಅಳೆದ, ಬಾಯ್ಲರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಮೊದಲ ಪಟ ತೆಗೆದದ್ದಾಯಿತು. ರೂಢಿಯಂತೆ "ಅಣ್ಣಾ, ಈಚೆ..." ಎಂದವನ ಮಾತು ಅಲ್ಲೇ ನಿಂತಿತು. ಗೆರೆಯ ಕಡೆ ನೋಡಿ ಕೈಮುಗಿದು ಕಣ್ಣು ಮುಚ್ಚಿದ.

"ನಾರಾಯಣಾ, ಅವನನ್ನು ನಿನ್ನ ಪಕ್ಕದಲ್ಲೇ ನಿಲ್ಲಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ."