ಅಲ್ಫೋನ್ಸ್ ಮಾವನ ಕಿವಿ

ಉತ್ತರದ ಬೆಟ್ಟಗಾಡಿನ ನಮ್ಮ ಜನರಲ್ಲಿ ದೊಡ್ಡವರನ್ನು ಪ್ರಶ್ನೆ ಕೇಳುವ ಪದ್ಧತಿಯಿಲ್ಲ. ಪಕ್ಕದಲ್ಲಿ ಕೂತು ನೋಡಬೇಕು, ನೋಡಿ ನೋಡಿ ತಿಳಿದುಕೊಳ್ಳಬೇಕು. ಬಾಯಿಬಿಟ್ಟು ಕೇಳಿದರೆ "ದೇವ್ರು ಕಣ್ಣು ಯಾಕೆ ಕೊಟ್ಟಿದಾನೆ?" ಎಂದು ಬೈಸಿಕೊಳ್ಳಬೇಕು. ಎಲ್ಲದರ ಬುಡ ಕೆದಕುವ ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿಲ್ಲ. ಹಾಗಾಗಿ ಬೇಟೆ ಶಿಬಿರದ ಮಾಲೀಕ ವೆಂಡೆಲ್ ಸೆಪ್ಟೆಂಬರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಒಪ್ಪಿಸಿದ ಕೆಲಸ ಒಳಗೊಳಗೇ ಇಷ್ಟವಾಯಿತು. ಸುಳ್ಳು ಯಾಕೆ ಹೇಳಲಿ?

"ಡೆಲ್ಫಿನ್, ನಿಮ್ಮ ಮಾವನಿಗೆ ಕಿವಿ ಕೇಳಿಸುತ್ತಾ ಇಲ್ವಾ, ಈ ಸಲ ನೋಡ್ಕೊಂಡು ಬಾ. ಕೇಳಿಸಲ್ಲ ಅಂದ್ರೆ ಇದೇ ಕೊನೆ. ಕರಡಿ ಓಡಾಡೋ ಕಾಡಿಗೆ ಬಂದವರನ್ನ ಕಿವುಡನ ಹಿಂದೆ ಕಳ್ಸಕ್ಕಾಗಲ್ಲ."

ಅಲ್ಫೋನ್ಸ್ ಮಾವ ನನ್ನ ಅಮ್ಮನ ಅಣ್ಣ. ನಲವತ್ತೊಂದು ವರ್ಷ ಈ ಬೆಟ್ಟಗಳಲ್ಲಿ ಬೇಟೆಗಾರರಿಗೆ ದಾರಿ ತೋರಿಸಿದವನು; ಅವನ ಸಹಾಯಕ್ಕೆ ಜೊತೆಗೆ ಹೋಗುವವಳು ನಾನು. ಮೂಸ್ ಎಂಬ ಕುದುರೆಗಿಂತ ಎತ್ತರದ ಜಿಂಕೆಯ ಒಣಗಿದ ಹೆಗಲ ಮೂಳೆಯನ್ನು ಪೊದೆಗೆ ಉಜ್ಜಿದನೆಂದರೆ, ಇನ್ನೊಂದು ಗಂಡು ಬಂದು ಕೊಂಬು ತೀಡುತ್ತಿದೆ ಎಂದುಕೊಂಡು ಬೆದೆಯ ಗಂಡು ಜಗಳಕ್ಕೆ ಇಳಿದು ಬರುತ್ತಿತ್ತು. ಊರಲ್ಲಿದ್ದರೆ ಎರಡನೇ ದಿನಕ್ಕೇ ಅವನ ಮುಖ ಬಾಡುತ್ತದೆ. ಬೆಟ್ಟ ಬಿಟ್ಟರೆ ಅವನಿಗೆ ಬದುಕೇ ಇಲ್ಲ.

ಆ ಸಲದ ಬೇಟೆಗಾರ ಲೆಯೋಪೋಲ್ಡ್, ಆಸ್ಟ್ರಿಯಾದ ಬೇಕರಿಯವನು. ಒಳ್ಳೆಯ ಮನುಷ್ಯ, ಆದರೆ ಅರವತ್ತು ಇಂಚಿಗಿಂತ ಅಗಲದ ಕೊಂಬೇ ಬೇಕೆಂಬ ಹಟ. ಏನು ಕಂಡರೂ "ಎಷ್ಟು ಇಂಚು?" ಎನ್ನುತ್ತಿದ್ದ.

ನಾನು ಪರೀಕ್ಷೆ ಶುರು ಮಾಡಿದೆ. ಬೆನ್ನ ಹಿಂದೆ ನಿಂತು, "ಮಾವ, ನಿನ್ನ ಟೀಯಲ್ಲಿ ನೊಣ ಬಿದ್ದಿದೆ" ಎಂದೆ. ಮಾವ ನೆಮ್ಮದಿಯಾಗಿ ಟೀ ಕುಡಿದ. ಆದರೆ ಅದನ್ನು ನಂಬುವುದು ಹೇಗೆ? ಕಿವಿ ಚೆನ್ನಾಗಿದ್ದ ಕಾಲದಲ್ಲೂ ಅವನು ಯಾರಿಗೂ ಉತ್ತರ ಕೊಟ್ಟವನಲ್ಲ. ಅದೂ ಅಲ್ಲದೆ ಮೂರನೇ ದಿನ ಮೂಳೆ ಉಜ್ಜುತ್ತಿದ್ದವನು ಥಟ್ಟನೆ ನಿಲ್ಲಿಸಿ ಪೂರ್ವದ ಇಳಿಜಾರಿಗೆ ಬೆರಳು ತೋರಿಸಿ "ಬಂದ" ಎಂದ. ನನಗೆ ಗಂಡಿನ ಗುಟುರು ಕೇಳಿಸಿದ್ದು ಆಮೇಲೆ. ಕೊಂಬು ಐವತ್ತು ಇಂಚು ದಾಟದೆಂದು ಲೆಯೋಪೋಲ್ಡ್ ಅದನ್ನು ಬಿಟ್ಟ. ನನಗೆ ಅದರ ಚಿಂತೆಯೇ ಇರಲಿಲ್ಲ. ನನಗಿಂತ ಮೊದಲು ಇವನಿಗೆ ಕೇಳಿಸಿದ್ದು ಹೇಗೆ? ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೆಯ ದಿನ ನಾನು ಮಾವನನ್ನು ನೋಡಲಿಲ್ಲ, ಅವನು ಎಲ್ಲಿ ನೋಡುತ್ತಾನೆಂದು ನೋಡಿದೆ. ಕಾಡನ್ನಲ್ಲ, ಮರಕ್ಕೆ ಕಟ್ಟಿದ್ದ ಮುದಿ ಕುದುರೆ ಟಿಲ್ಲಿಯನ್ನು ನೋಡುತ್ತಿದ್ದ. ಅದರ ಕಿವಿ ತಿರುಗಿದ ಕಡೆಗೆ ಇವನ ಬೆರಳು ತಿರುಗುತ್ತಿತ್ತು. ಕಳ್ಳ ಮಾವ! ನಗು ತಡೆಯಲು ಕೈಗವಸು ಕಚ್ಚಿಕೊಂಡೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಕುದುರೆ ಇಲ್ಲದಿದ್ದರೆ ಒಂದಿಷ್ಟಾದರೂ ಕೇಳಿಸುತ್ತದೆಯೇ ಎಂಬ ಹುಳ ತಲೆ ಹೊಕ್ಕಿತು. ಐದನೇ ದಿನ ಟಿಲ್ಲಿ ಕುಂಟುತ್ತಿದೆ ಎಂದು ಸುಳ್ಳು ಹೇಳಿ ಅದನ್ನು ಗುಡಾರದ ಬಳಿಯೇ ಬಿಟ್ಟು, ಮೂವರೂ ನಡೆದುಕೊಂಡೇ ಹೋದೆವು.

ಮಾವ ಮೂಳೆ ಉಜ್ಜಿದ. ಸ್ವಲ್ಪ ಹೊತ್ತಿಗೆ ನಮ್ಮ ಹಿಂದಿನಿಂದ ಗುಟುರು ಕೇಳಿಸಿತು. ಮಾವ ಮುಂದಕ್ಕೇ ನೋಡುತ್ತಿದ್ದ. ಇನ್ನೊಂದು ಗುಟುರು, ಹತ್ತಿರದಲ್ಲಿ. ಕೊಂಬೆಗಳು ಲಟಲಟನೆ ಮುರಿದವು. ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಎಂದು ನಾನು ಉಸಿರು ಹಿಡಿದು ಕಾದೆ. ಪೊದೆ ಬಿರಿದು ಗಂಡು ಹೊರಬಂದಾಗ ಅದಕ್ಕೂ ಮಾವನ ಬೆನ್ನಿಗೂ ಹದಿನೈದು ಹೆಜ್ಜೆ ಅಂತರ. ಮೊರದಷ್ಟು ಅಗಲದ ಎರಡು ಕೊಂಬು, ಕೆಂಪೇರಿದ ಕಣ್ಣು. 

ಪಕ್ಕದಲ್ಲಿದ್ದ ಲೆಯೋಪೋಲ್ಡ್‌ನ ಬಿಳಿಚಿದ ಮುಖ ನೋಡಿ ಮಾವ ತಿರುಗಿದ. ಓಡಲಿಲ್ಲ. ಮೂಳೆಯನ್ನು ಮೆಲ್ಲಗೆ ತಲೆಯ ಪಕ್ಕಕ್ಕೆ ಎತ್ತಿ, ತಾನೂ ಒಂದು ಗಂಡೆಂಬಂತೆ ಅತ್ತಿತ್ತ ಓಲಾಡಿಸಿದ. ಎದುರಾಳಿಯನ್ನು ಅಳೆಯಲು ಅದು ಪಕ್ಕಕ್ಕೆ ತಿರುಗಿ ನಿಂತಿತು.

"ಈಗ ಹೊಡಿ," ಎಂದ ಮಾವ. ಗುಂಡು ಹಾರಿತು.

ಅದು ಬಿದ್ದು, ನಿಶ್ಚಲವಾದ ಮೇಲೆ ಮಾವ ನನ್ನೆದುರು ಬಂದು ನಿಂತ. "ನಿಂಗೆ ಯಾವಾಗ ಕೇಳಿಸ್ತು?"

"ಮುಂಚೆನೇ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

ನನಗೆ ಅಳು ಬಂತು. ವೆಂಡೆಲ್ ಹೇಳಿದ್ದು, ಟಿಲ್ಲಿಯ ಸುಳ್ಳು, ಎಲ್ಲವನ್ನೂ ಒದರಿದೆ. ಮಾವ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದ.

"ಬಲಗಿವಿ ಹೋಗಿ ಆರು ವರ್ಷ ಆಯ್ತು, ಎಡಗಿವಿ ಎರಡು. ಕೇಳಿದ್ರೆ ಹೇಳ್ತಿದ್ನಲ್ಲೇ, ಹುಚ್ಚಿ."

"ಕೇಳ್ಬಾರ್ದು, ನೋಡ್ಬೇಕು ಅಂತ ಕಲಿಸಿದ್ದು ನೀನೇ ಅಲ್ವಾ ಮಾವ?"

 "ಹೌದು. ಕಲಿಸಿದ್ದೆ," ಎಂದು ಚಾಕು ತೆಗೆದ. ಕೊಂಬು ಅಳೆಯೋಣವೆಂದು ಕುಣಿಯುತ್ತಿದ್ದ ಲೆಯೋಪೋಲ್ಡ್‌ಗೆ, "ಮೊದ್ಲು ಮಾಂಸ ಹೊರು, ಆಮೇಲೆ ಇಂಚು" ಎಂದು ಗದರಿದ. ಅರವತ್ತನಾಲ್ಕು ಇಂಚಿತ್ತು.

ಸಂಜೆ ರೇಡಿಯೋದಲ್ಲಿ ವೆಂಡೆಲ್ ಕರೆದ. ಮಾವನಿಗೆ ಚೆನ್ನಾಗಿ ಕೇಳಿಸುತ್ತದೆ ಎಂದು ಹೇಳಲು ನಾನು ಸಿದ್ಧಳಾಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಮಾವ ಮೈಕು ಕಿತ್ತುಕೊಂಡ.

"ವೆಂಡೆಲ್, ನಾನು ಅಲ್ಫೋನ್ಸ್. ನಂಗೆ ಕಿವಿ ಕೇಳಿಸಲ್ಲ. ಇವ್ಳ ಬಾಯಿಂದ ಸುಳ್ಳು ಹೇಳಿಸ್ಬೇಡ. ಕುದುರೆ ಇದ್ರೆ, ಇವ್ಳು ಜೊತೇಲಿದ್ರೆ, ಇನ್ನೂ ನಾಲ್ಕು ವರ್ಷ ಮಾಡ್ತೀನಿ. ಏನಂತೀಯ?"

ರೇಡಿಯೋ ಒಂದಷ್ಟು ಹೊತ್ತು ಬರಿದೇ ಗರಗರ ಎಂದಿತು. ಆಮೇಲೆ ವೆಂಡೆಲ್ ಹೇಳಿದ. ಮೆತ್ತಗೆ, ನೋವಿನಿಂದಲೇ ಹೇಳಿದ. ಕೇಳಿಸಿದ್ದು ನನಗೊಬ್ಬಳಿಗೆ.

"ಏನಂದ?" ಎಂದು ಮಾವ ಕೇಳಿದ. ಬೇರೆ ದಿನಗಳಲ್ಲಾದರೆ ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದ. ಈ ಸಲ ತಲೆ ಎತ್ತಲಿಲ್ಲ, ಒಲೆಯ ಬೆಂಕಿಯನ್ನೇ ನೋಡುತ್ತಿದ್ದ.

"ಮುಂದಿನ ವರ್ಷ ಬರೋದು ಬೇಡ ಅಂತೆ, ಮಾವ."

"ಆಂ?"

"ಬರೋದು ಬೇಡ ಅಂತೆ!"

"ಏನು?"

ಮೂರನೇ ಸಲ ನಾನು ಅಳುತ್ತಲೇ ಕಿರುಚಿದೆ. ಲೆಯೋಪೋಲ್ಡ್ ಗುಡಾರದಿಂದ ಹೊರಗೋಡಿ ಬಂದ. ಎದುರಿನ ಬೆಟ್ಟ ಅದನ್ನೇ ಇನ್ನೊಮ್ಮೆ ಹೇಳಿತು.

"ಅಷ್ಟು ಕೂಗ್ಬೇಡ್ವೇ," ಎಂದ ಮಾವ. "ಕೇಳಿಸ್ತು."