ಅಮ್ಮನ ನಂಬರಿಗೆ ಬಂದ ಬಿಲ್ಲು

೧

ಇದನ್ನು ಎಲ್ಲಿಂದ ಶುರುಮಾಡಲಿ? ಭಾನುವಾರ ಮಧ್ಯಾಹ್ನ ಮೂರೂವರೆಗೆ ಕಾಂಡೋಮ್ ಹರಿದಲ್ಲಿಂದಲೇ? ಹಾಗೆ ಮಾಡಿದರೆ ನಿಮ್ಮಲ್ಲಿ ಅರ್ಧ ಜನ ಪುಟ ಮಗುಚುತ್ತೀರಿ, ಇನ್ನರ್ಧ ಜನ ಬೇಕಾದ್ದಕ್ಕಿಂತ ಹೆಚ್ಚು ಗಮನ ಕೊಟ್ಟು ಓದುತ್ತೀರಿ. ಎರಡೂ ನನಗೆ ಬೇಡ. ಆದ್ದರಿಂದ ಸೋಮವಾರ ಬೆಳಿಗ್ಗೆ ಒಂಬತ್ತೂವರೆ, ಸುದ್ದಗುಂಟೆಪಾಳ್ಯದ ಒಂದು ಮೆಡಿಕಲ್ ಶಾಪು.

ಸುರಭಿಗೆ ಇಪ್ಪತ್ತನಾಲ್ಕು. ಮನೆ ಜಯನಗರದ ಒಂಬತ್ತನೇ ಬ್ಲಾಕು. ಇಲ್ಲಿಗೆ ಬರುವಷ್ಟರಲ್ಲಿ ಆರು ಮೆಡಿಕಲ್ ಶಾಪು ದಾಟಿದ್ದಾಳೆ. ಮೊದಲನೆಯದರಲ್ಲಿ ಅಪ್ಪನ ವಾಕಿಂಗ್ ಗೆಳೆಯರು ಪೇಪರ್ ಓದುತ್ತ ಕೂತಿರುತ್ತಾರೆ. ಎರಡನೆಯದರ ಸೇತುರಾಮ ಅಂಕಲ್ ಇವಳ ನಾಮಕರಣಕ್ಕೆ ಬಂದು ಊಟ ಮಾಡಿದವರು. ಮಿಕ್ಕ ನಾಲ್ಕರಲ್ಲಿ ಪರಿಚಯದವರು ಇರಲಿಲ್ಲ, ಧೈರ್ಯವೂ ಇರಲಿಲ್ಲ.

(ಇಲ್ಲಿ ‘ಅವಳ ಕೈ ನಡುಗುತ್ತಿತ್ತು’ ಎಂದು ಬರೆದಿದ್ದೆ. ಸುರಭಿ ತಕರಾರು ತೆಗೆದಳು.

“ಆಂಟಿ, ಕೈ ಯಾಕೆ ನಡುಗಿಸ್ತೀರಾ? ಜ್ವರದ ಮಾತ್ರೆ ತಗೊಳ್ಳೋಕೆ ಬಂದಿದ್ರೆ ನಡುಗಿಸ್ತಿದ್ರಾ?”

“ಓದೋರಿಗೆ ಅಯ್ಯೋ ಅನ್ನಿಸ್ಬೇಕಲ್ಲಮ್ಮ.”

“ಅಯ್ಯೋ ಏನೂ ಬೇಡ. ಬೇಗ ಮಾತ್ರೆ ಕೊಡ್ಸಿ, ಟೈಮ್ ಓಡ್ತಿದೆ.”

ಹೊಡೆದುಹಾಕಿದೆ. ಕೈ ನಡುಗಲಿಲ್ಲ.)

ಟೈಮಿನ ಮಾತು ನಿಜ. ಬಸಿರು ತಡೆಯುವ ಈ ಮಾತ್ರೆಯನ್ನು ಎಪ್ಪತ್ತೆರಡು ಗಂಟೆಯೊಳಗೆ ನುಂಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಗಲೇ ಹದಿನೆಂಟು ಗಂಟೆ ಕಳೆದಿತ್ತು.

“ಎಮರ್ಜೆನ್ಸಿ ಪಿಲ್ ಕೊಡಿ.”

“ಯಾರಿಗೆ ಮೇಡಂ?”

“ನನಗೆ.”

ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕವರಿಗೂ ಒಂದು ಗಂಟು ಬಿಗಿದ. “ಫೋನ್ ನಂಬರ್ ಹೇಳಿ ಮೇಡಂ, ಬಿಲ್ ವಾಟ್ಸಾಪಿಗೆ ಬರುತ್ತೆ.”

ಸುರಭಿಯ ಬಾಯಿಂದ ಹತ್ತು ಅಂಕಿ ಸಲೀಸಾಗಿ ಬಂದವು. ಗ್ಯಾಸಿಗೆ, ಹಾಲಿಗೆ, ಲ್ಯಾಬಿಗೆ, ಸೀರೆ ಅಂಗಡಿಗೆ, ಒಂದನೇ ಕ್ಲಾಸಿನ ಡೈರಿಗೆ ಕೊಟ್ಟ ನಂಬರ್. ಆ ಮನೆಯವರೆಲ್ಲ ಎಲ್ಲ ಕಡೆಯೂ ಹೇಳುವ ನಂಬರ್. ಅಂದರೆ ಅಮ್ಮನದು.

೨

ಸೀತಾಲಕ್ಷ್ಮಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಫೋನು ಟಿಂಗ್ ಎಂದಿತು.

ಮೊದಲ ಕರಡಿನಲ್ಲಿ ಆಕೆ ಎದೆ ಹಿಡಿದುಕೊಂಡು ಕುಸಿದರು, ಸೊಪ್ಪು ನೆಲದ ತುಂಬ ಚೆಲ್ಲಿತು. ನೋಡಲು ಚೆನ್ನಾಗಿತ್ತು. ಆದರೆ ಆಮೇಲೆ ಗುಡಿಸುವವರು ಯಾರು? ಕಿತ್ತೆಸೆದೆ.

ಎರಡನೆಯದರಲ್ಲಿ ‘ಮನೆ ಮರ್ಯಾದೆ’ ಎನ್ನುವ ಮಾತು ಮೂರು ಸಲ ಬಂತು. ಬರೆಯುವಾಗ ನನ್ನ ಮಗಳು ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಒಂದು ದಿನ ಇದನ್ನೂ ಅವಳು ಓದುತ್ತಾಳಲ್ಲ ಎನ್ನಿಸಿತು. ಅದನ್ನೂ ಕಿತ್ತೆಸೆದೆ.

೨ (ಮತ್ತೆ, ಕುಕ್ಕರ್ ಇಳಿಸಿ ಬಂದ ಮೇಲೆ)

ಸೀತಾಲಕ್ಷ್ಮಿ ಬಿಲ್ಲು ತೆರೆದರು. ಮೇಲೆ ಸುದ್ದಗುಂಟೆಪಾಳ್ಯದ ಅಂಗಡಿ, ಕೆಳಗೆ ಒಂದು ಮಾತ್ರೆ. ಮಾತ್ರೆಯ ಹೆಸರು ಅರ್ಥವಾಗಲಿಲ್ಲ. ಗೂಗಲ್‌ನಲ್ಲಿ ಹಾಕಿದರು. ಅರ್ಥವಾಯಿತು. ಕೈಯಲ್ಲಿದ್ದ ಕಟ್ಟು ಪೂರ್ತಿ ಬಿಡಿಸಿ ಮುಗಿಸಿದರು. ಆಮೇಲೆ ಫೋನು ಮಾಡಿದರು.

ಸುರಭಿ ಬಸ್ ಸ್ಟಾಪಿನಲ್ಲಿ ಕೂತು, ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.

“ಎಲ್ಲಿದ್ದೀಯೇ?”

“ಆಫೀಸಿಗೆ ಹೊರಟಿದ್ದೀನಮ್ಮ.”

“ಸುದ್ದಗುಂಟೆಪಾಳ್ಯದ ಮೇಲೆ ಹೋಗ್ಬೇಕಾ ನಿಮ್ಮಾಫೀಸಿಗೆ?”

ಸುರಭಿಗೆ ತಕ್ಷಣ ತಾನು ಹೇಳಿದ ಹತ್ತು ಅಂಕಿ ನೆನಪಾದವು.

“ನುಂಗಿದ್ಯಾ?” ಎಂದರು ಸೀತಾಲಕ್ಷ್ಮಿ.

“ಇನ್ನೂ ಇಲ್ಲ. ನೋಡಮ್ಮ, ಲೆಕ್ಚರ್ ಬೇಡ. ನನ್ನ ಮೈ, ನನ್ನ ತೀರ್ಮಾನ. ನುಂಗೇ ನುಂಗ್ತೀನಿ.”

“ನುಂಗ್ಬೇಡ ಅಂದ್ನಾ ನಾನು? ಫಿಟ್ಸ್ ಮಾತ್ರೆ ತಗೊಳ್ತೀನಿ ಅಂತ ಅಂಗಡಿಯೋನಿಗೆ ಹೇಳಿದ್ಯಾ?”

ಹೇಳಿರಲಿಲ್ಲ. ಹನ್ನೊಂದನೇ ವಯಸ್ಸಿನಿಂದ ದಿನಕ್ಕೆರಡು ಸಲ ನುಂಗುವ ಮಾತ್ರೆ ಸುರಭಿಗೆ ಹಲ್ಲುಜ್ಜಿದಷ್ಟು ಸಲೀಸು, ಹಾಗಾಗಿ ಮರೆತೇ ಹೋಗಿತ್ತು. ಮರೆಯದವರು ಸೀತಾಲಕ್ಷ್ಮಿ. ಹಲ್ಲಿನ ಡಾಕ್ಟರಿಗೂ, ಕೆಮ್ಮಿಗೆ ಔಷಧಿ ಕೊಡುವವರಿಗೂ ಮೊದಲು ಆ ಮಾತ್ರೆಯ ಹೆಸರು ಹೇಳಿಯೇ ಮಗಳನ್ನು ಮುಂದೆ ಕೂರಿಸಿದವರು.

“ಅಲ್ಲೇ ಇರು, ಆಟೋದಲ್ಲಿ ಬರ್ತೀನಿ. ಬನಶಂಕರೀಲಿ ಲಕ್ಷ್ಮಿದೇವಮ್ಮ ಡಾಕ್ಟ್ರು ಹತ್ತೂವರೆಗೆ ಬಂದಿರ್ತಾರೆ, ಎರಡೂ ಮಾತ್ರೆ ಒಟ್ಟಿಗೆ ಆಗುತ್ತಾ ಕೇಳೋಣ.”

“ಯಾರು ಅಂತ ಕೇಳಲ್ವಾ?”

“ಕೇಳ್ದೆ ಬಿಡ್ತೀನಾ? ಈಗಲ್ಲ.”

೪

(ಮೂರು ಎಲ್ಲಿ ಎನ್ನಬೇಡಿ. ಮೂರರಲ್ಲಿ ಚಿರಂತ್ ಇದ್ದ. ಭಾನುವಾರ ಮಧ್ಯಾಹ್ನದ ಇನ್ನೊಬ್ಬ ಪಾಲುದಾರ. ಅವನ ಫೋನು ಸ್ವಿಚ್ ಆಫ್ ಮಾಡಿಸಿ ಖಳನಾಯಕ ಮಾಡಲು ಹೊರಟಿದ್ದೆ. “ಅವನು ಕೆಟ್ಟೋನಲ್ಲ ಆಂಟಿ, ಪುಕ್ಲ ಅಷ್ಟೇ. ಬೆಳಿಗ್ಗೆಯಿಂದ ಹನ್ನೆರಡು ಸಲ ಫೋನ್ ಮಾಡಿದ್ದಾನೆ” ಎಂದಳು ಸುರಭಿ. ಮಾಡಿದ್ದ. ಒಪ್ಪಿಕೊಂಡೆ. ಆದರೂ ಅಧ್ಯಾಯ ಕೊಡಲಿಲ್ಲ.)

ಕ್ಲಿನಿಕ್ಕಿನ ಹುಡುಗಿ ಪೆನ್ನು ಹಿಡಿದು, “ಮಿಸ್ಸಾ, ಮಿಸೆಸ್ಸಾ?” ಎಂದಳು. ಬೆಂಚಿನ ಮೇಲಿದ್ದ ನಾಲ್ಕು ಬಸುರಿಯರೂ ತಲೆಯೆತ್ತಿದರು.

“ಪೇಷೆಂಟು ಅಂತ ಬರ್ಕೊಳಮ್ಮ” ಎಂದರು ಸೀತಾಲಕ್ಷ್ಮಿ.

(ಇದನ್ನು ನಾನು ಹೇಳಿಸಿದ್ದಲ್ಲ, ಆಕೆಯೇ ಹೇಳಿದ್ದು. ಬೆಳಗಿನಿಂದ ಸೊಪ್ಪು ಬಿಡಿಸುತ್ತಿದ್ದ ಹೆಂಗಸು!)

ಡಾಕ್ಟರ್ ಲಕ್ಷ್ಮಿದೇವಮ್ಮ ಕನ್ನಡಕದ ಮೇಲಿಂದ ಸುರಭಿಯ ಫಿಟ್ಸ್ ಮಾತ್ರೆಯ ಚೀಟಿ ಓದಿದರು. “ಬಂದಿದ್ದು ಒಳ್ಳೇದಾಯ್ತು. ಎಲ್ಲಾ ಫಿಟ್ಸ್ ಮಾತ್ರೇನೂ ಹೀಗಲ್ಲ, ಆದ್ರೆ ನೀನು ತಗೊಳ್ಳೋದು ಈ ಪಿಲ್ ಶಕ್ತೀನ ಕಮ್ಮಿ ಮಾಡುತ್ತೆ. ಹಾಗಂತ ಅದನ್ನ ಒಂದು ಹೊತ್ತೂ ಬಿಡ್ಬೇಡ. ಎರಡು ದಾರಿ ಇದೆ. ಐದು ದಿನದೊಳಗೆ ಕಾಪರ್-ಟಿ ಹಾಕ್ಸಬಹುದು, ನಿನ್ನ ಮಾತ್ರೆ ಅದಕ್ಕೆ ಅಡ್ಡ ಬರಲ್ಲ, ಹೆಚ್ಚು ಭರವಸೆ ಅದೇ. ಬೇಡ ಅಂದ್ರೆ ಪಿಲ್ಲನ್ನೇ ಡಬಲ್ ಡೋಸ್ ಕೊಡ್ತೀನಿ. ಅಷ್ಟು ಭರವಸೆ ಇಲ್ಲ.”

“ಡಾಕ್ಟ್ರೇ,” ಸೀತಾಲಕ್ಷ್ಮಿ ದನಿ ತಗ್ಗಿಸಿದರು, “ಇದು ತೆಗೆಸೋದು ಅಂತಾರಲ್ಲ, ಅದೇನಾ?”

“ಅಲ್ಲಮ್ಮ. ಮೊಟ್ಟೆ ಬಿಡುಗಡೆ ಆಗೋದನ್ನ ಪಿಲ್ಲು ಮುಂದಕ್ಕೆ ಹಾಕುತ್ತೆ. ಬಸಿರು ಆಗ್ಲೇ ನಿಂತಿದ್ರೆ ಅದನ್ನ ಏನೂ ಮಾಡಲ್ಲ.”

ಸೀತಾಲಕ್ಷ್ಮಿ ಮಗಳ ಕಡೆ ತಿರುಗಿದರು. “ಕಾಪರ್-ಟಿನೇ...”

“ಪಿಲ್ಲು” ಎಂದಳು ಸುರಭಿ. “ಇವತ್ತು ಅದು ಸಾಕು. ಕಾಪರ್-ಟಿ ಯೋಚ್ನೆ ಮಾಡ್ತೀನಿ.”

ಡಾಕ್ಟರು ತಾಯಿಯ ಮುಖ ನೋಡಿದರು. ತಾಯಿ ಗೋಡೆಯ ಕ್ಯಾಲೆಂಡರ್ ನೋಡಿದರು. “ಪೇಷೆಂಟು ಅವಳು” ಎಂದರು, ಸ್ವಲ್ಪ ಕಷ್ಟಪಟ್ಟು.

“ಸರಿ. ಎರಡು ಗಂಟೆಯೊಳಗೆ ವಾಂತಿ ಆದ್ರೆ ಫೋನ್ ಮಾಡು, ಮತ್ತೆ ತಗೋಬೇಕಾಗುತ್ತೆ. ಪೀರಿಯಡ್ಸ್ ಸ್ವಲ್ಪ ಹಿಂದೆಮುಂದೆ ಆಗ್ಬಹುದು. ಒಂದು ವಾರಕ್ಕಿಂತ ತಡವಾದ್ರೆ ಟೆಸ್ಟ್ ಮಾಡು, ಏನೇ ಆಗ್ಲಿ ಮೂರು ವಾರಕ್ಕೆ ಒಂದು ಟೆಸ್ಟ್. ಕೆಳಹೊಟ್ಟೆ ಜೋರಾಗಿ ನೋಯ್ತು, ತಲೆ ಸುತ್ತಿ ಬಿದ್ದೆ ಅಂದ್ರೆ ಟೆಸ್ಟು ಗಿಸ್ಟು ಅಂತ ಕೂರ್ಬೇಡ, ಸೀದಾ ಆಸ್ಪತ್ರೆಗೆ ಬಾ. ಇದು ಆಗಿದ್ದಕ್ಕೆ ಮಾತ್ರ ಕಣಮ್ಮ, ಮುಂದಿನದಕ್ಕಲ್ಲ.”

ಕೆಳಗಿನ ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಮಾತ್ರೆ ಕೊಂಡರು.

“ಫೋನ್ ನಂಬರ್ ಹೇಳಿ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸುರಭಿ ಒಂದೊಂದೇ ಅಂಕಿ ನೆನಪಿಸಿಕೊಂಡು ತನ್ನ ನಂಬರ್ ಹೇಳಿದಳು.

“ನಂದೇ ಹೇಳಿದ್ರೆ ಏನಾಗ್ತಿತ್ತು ಈಗ?”

“ಬೇಡಮ್ಮ. ಹೇಳೋದಿದ್ರೆ ನಾನೇ ಹೇಳ್ತೀನಿ.”

ಸೀತಾಲಕ್ಷ್ಮಿ ಕವರನ್ನು ಮಗಳ ಕೈಗೆ ಕೊಟ್ಟರು. ಎದುರಿನ ದರ್ಶಿನಿಗೆ ಕರೆದುಕೊಂಡು ಹೋಗಿ, ಖಾಲಿ ಹೊಟ್ಟೆ ಬೇಡ ಎಂದು ಎರಡು ಇಡ್ಲಿ ತಿನ್ನಿಸಿದರು. ಸುರಭಿ ಎರಡೂ ಮಾತ್ರೆ ನುಂಗಿದಳು. ಆಮೇಲೆ ಎರಡು ಗಂಟೆ ಕಾಲ ಆಕೆ ಮಗಳ ಮುಖವನ್ನು ಹಾಲಿನ ಪಾತ್ರೆ ಕಾದಂತೆ ಕಾದರು. ವಾಂತಿಯಾಗಲಿಲ್ಲ.

೫, ಅಥವಾ ಮುಗಿಸಿ ಮುಗಿಸಿ ಎನ್ನುವವರಿಗೆ

ಒಂದು ಕೊನೆ: ಸುರಭಿ ಬಸುರಿಯಾಗುತ್ತಾಳೆ, ಪಶ್ಚಾತ್ತಾಪ ಪಡುತ್ತಾಳೆ. (“ಯಾವುದಕ್ಕೆ?” ಎಂದಳು. ಹೊಡೆದುಹಾಕಿದೆ.)

ಇನ್ನೊಂದು: ಪೀರಿಯಡ್ಸ್ ಬರುತ್ತದೆ, ಚಿರಂತನ ಅಪ್ಪ ಅಮ್ಮ ಹಣ್ಣು ಹೂವು ಹಿಡಿದುಕೊಂಡು ಬರುತ್ತಾರೆ, ಸೀತಾಲಕ್ಷ್ಮಿ ಪಾಯಸ ಮಾಡುತ್ತಾರೆ. (“ಆಂಟಿ, ಸುಮ್ನಿರಿ.”)

ಸುಮ್ಮನಾದೆ. ಬಟ್ಟೆ ಒಣಗಿಹಾಕಿ ಬಂದು ನೋಡಿದರೆ ಕಥೆ ಇಪ್ಪತ್ತೊಂದನೇ ದಿನಕ್ಕೆ ಬಂದು ನಿಂತಿತ್ತು. ಪೀರಿಯಡ್ಸ್ ಬಂದಿಲ್ಲ. ಸುರಭಿ ಟೆಸ್ಟ್ ಕಿಟ್ ಹಿಡಿದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡಿದ್ದಾಳೆ. ಹೊರಗೆ ಸೀತಾಲಕ್ಷ್ಮಿ ನಿಂತಿದ್ದಾರೆ. ಅವರ ಹಿಂದೆ ನಾನು. ನನ್ನ ಹಿಂದೆ, ಕತ್ತು ಉದ್ದ ಮಾಡಿಕೊಂಡು, ನೀವು.

ಚಿಲಕ ಸರಿಯಿತು. “ಅಮ್ಮಾ, ನೀನೊಬ್ಳೇ ಬಾ.”

ಸೀತಾಲಕ್ಷ್ಮಿ ಒಳಗೆ ಹೋದರು. ಬಾಗಿಲು ಮತ್ತೆ ಹಾಕಿಕೊಂಡಿತು.

ಒಂದು ಗೆರೆಯೋ, ಎರಡೋ? ಬರೆದವಳು ನಾನೇ, ಬಾಗಿಲು ತೆಗೆಸಬಹುದು. ತೆಗೆಸುವುದಿಲ್ಲ. ಅವಳಿಗೆ ಡಾಕ್ಟರ ದಾರಿ ಗೊತ್ತು, ಜೊತೆಗೆ ಹೋಗುವವರು ಒಳಗಿದ್ದಾರೆ. ನಾವು ಹೊರಡೋಣ. ಇಲ್ಲೇ ನಿಂತು ಕಾದರೂ ನಿಮ್ಮ ನಂಬರಿಗೆ ಯಾವ ಮೆಸೇಜೂ ಬರುವುದಿಲ್ಲ.