ಅಣ್ಣನ ತೋಳಪಡೆ

ಅಣ್ಣನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಬಿದ್ದುಹೋದಾಗ, ಅವನ ಮೇಜಿನ ಮೇಲೆ ತೋಳ ಸವಾರರ ಪಡೆಯೊಂದು ಅರ್ಧಕ್ಕೇ ನಿಂತಿತ್ತು. ಯುದ್ಧದಾಟದ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳು. ಚೂಪು ಕಿವಿ, ಸೊಟ್ಟ ಮೂಗು, ಕೈಯಲ್ಲಿ ಈಟಿ. ಅವುಗಳ ಜೊತೆ ಬಂದ ಬಡಕಲು ತೋಳಗಳು ಅಣ್ಣನಿಗೆ ಹಿಡಿಸಿರಲಿಲ್ಲ. ದಪ್ಪ ಬೆನ್ನಿನ ಬೇರೆ ತೋಳಗಳನ್ನು ತರಿಸಿ, ಸವಾರರ ತೊಡೆಗಳನ್ನು ಸೊಂಟದ ಬಳಿ ಕತ್ತರಿಸಿ, ತಂತಿ ತೂರಿಸಿ ಕಾಲು ಅಗಲಿಸಿ, ಸಂದಿಗೆ ಪುಟ್ಟಿ ಮೆತ್ತಿ ಕೂರಿಸುತ್ತಿದ್ದ. ಬೆಸುಗೆಯ ಗುರುತೇ ಕಾಣುತ್ತಿರಲಿಲ್ಲ. ಇಂಥ ಗೊಂಬೆ ಮಾಡುವವರ ಕ್ಲಬ್ಬಿನಲ್ಲಿ ಅವನಿಗೆ ಸಾಟಿಯಿರಲಿಲ್ಲ.

ಅವನ ತಮ್ಮ ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದ. ಚಿಕ್ಕಂದಿನಲ್ಲಿ ಅವನು ಗೊಂಬೆ ಮುಟ್ಟಿದರೆ ಅಣ್ಣ ಸ್ಕೇಲಿನಿಂದ ಗೆಣ್ಣಿಗೆ ಬಾರಿಸುತ್ತಿದ್ದ. 'ಮೊದ್ದುಗೈ' ಎಂದು ಹೆಸರಿಟ್ಟವನೂ ಅವನೇ. ತಮ್ಮನ ಹೆಂಡತಿಯ ತವರಿನವರೆದುರೂ ಹಾಗೆಯೇ ಕರೆದು ಎಲ್ಲರನ್ನೂ ನಗಿಸಿದ್ದ.

"ಅಣ್ಣನ ಕೆಲ್ಸ ನಾನು ಮುಗಿಸಿಕೊಡ್ತೀನಿ ಅತ್ತಿಗೆ," ಎಂದು ಈಗ ತಮ್ಮ ತಾನಾಗಿಯೇ ಬಂದ.

"ಪುಣ್ಯ ಕಟ್ಕೋ ಮಾರಾಯ. ದಿನವಿಡೀ ಆ ಮೇಜನ್ನೇ ನೋಡ್ತಾ ಕೂತಿರ್ತಾರೆ."

ಅತ್ತಿಗೆ ಗಾಲಿಕುರ್ಚಿಯನ್ನು ಮೇಜಿಗೆ ತಾಗಿಸಿ ನಿಲ್ಲಿಸಿದಳು. ತಮ್ಮ ಒಬ್ಬ ಸವಾರನನ್ನೆತ್ತಿ ಬ್ಲೇಡನ್ನು ಗೊಂಬೆಯ ಮಂಡಿಯ ಮೇಲಿಟ್ಟ. ಅಣ್ಣನ ಬಾಯಿಂದ "ಬೇ... ಬೇ..." ಎಂದಷ್ಟೇ ಹೊರಟಿತು. ಅವನ ಎಡಗೈ ಗೊಂಬೆಯ ಸೊಂಟವನ್ನು ತೋರಿಸಿತು.

"ಇಲ್ಲೇ ತಾನೆ? ಗೊತ್ತಾಯ್ತು ಬಿಡು," ಎನ್ನುತ್ತ ತಮ್ಮ, ಗೊಂಬೆಯ ಮಂಡಿಯನ್ನೇ ಕಚಕ್ಕನೆ ಕತ್ತರಿಸಿದ.

ಆಮೇಲೆ ದಿನಾ ಸಂಜೆ ವ್ಯಾನು ನಿಲ್ಲಿಸಿ ನೇರ ಇಲ್ಲಿಗೇ ಬಂದ. ಅಂಟು ಸುರಿದು ಮೂಗು ಬಾಯಿ ಒಂದು ಮಾಡಿದ. ಪುಟ್ಟಿಯನ್ನು ಮುದ್ದೆಮುದ್ದೆಯಾಗಿ ಮೆತ್ತಿದ. ಒಬ್ಬನನ್ನಂತೂ ಬಾಲದ ಕಡೆ ಮುಖ ಮಾಡಿ ಕೂರಿಸಿ, ಅಣ್ಣನ ಕಣ್ಣೆದುರು ಹಿಡಿದು, "ಹೇಗಿದೆ, ಗುರುಗಳೇ?" ಎಂದ. ಅಣ್ಣನ ಕಣ್ಣಲ್ಲಿ ನೀರು ಧಾರಾಕಾರ.

"ನೀನು ಬಂದ್ರೆ ಅವ್ರಿಗೆಷ್ಟು ಸಂತೋಷ ನೋಡು," ಎಂದು ಅತ್ತಿಗೆ ಟವೆಲಿನಿಂದ ಒರೆಸಿದಳು.

ಕ್ಲಬ್ಬಿನ ಪ್ರದರ್ಶನಕ್ಕೆ ಆ ಪಡೆಯನ್ನು ಅಣ್ಣನ ಹೆಸರಿನಲ್ಲೇ ಕೊಂಡೊಯ್ದರು. ಜನ ಬಗ್ಗಿ ನೋಡಿದರು, ಪರಸ್ಪರ ಮುಖ ನೋಡಿಕೊಂಡರು.

"ಪಾಪ, ಒಂದೇ ಕೈಯಲ್ಲಿ ಇಷ್ಟು ಮಾಡಿದಾರಲ್ಲ!" ಎಂದರು ಒಬ್ಬರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಅಣ್ಣನೆದುರು ಉಸಿರೆತ್ತಲೂ ಹೆದರುತ್ತಿದ್ದ ಸದಸ್ಯನೊಬ್ಬ ಅವನ ಕೆನ್ನೆಯನ್ನು ಮಗುವಿನ ಕೆನ್ನೆಯಂತೆ ತಟ್ಟಿ ಹೋದ. ಅಣ್ಣ ತಲೆ ತಗ್ಗಿಸಿದವನು ಎತ್ತಲೇ ಇಲ್ಲ.

ನಗು ಉಕ್ಕಿ ಬರುತ್ತದೆಂದುಕೊಂಡಿದ್ದ ತಮ್ಮ ಆ ಪಡೆಯನ್ನು ಅವಸರದಲ್ಲಿ ಡಬ್ಬಿಗೆ ತುಂಬಿದ. ವ್ಯಾನಿನ ಹತ್ತಿರ ಬಂದಾಗ ಬಾಯಿಬಿಟ್ಟ. "ಇನ್ನು ನಾನು ಬರಲ್ಲ ಅತ್ತಿಗೆ. ಬೇಕಂತಲೇ ಕೆಡಿಸಿದೆ."

"ಗೊತ್ತು," ಎಂದಳು ಅತ್ತಿಗೆ, ಗಂಡನ ಕೊರಳಿನ ಗುಂಡಿ ಹಾಕುತ್ತ. "ಇಷ್ಟು ವರ್ಷ ಸಂಸಾರ ಮಾಡಿದೋಳಿಗೆ ಅವ್ರ ಅಳು ಯಾವ್ದು, ಸಂತೋಷ ಯಾವ್ದು ಅಂತ ತಿಳಿಯಲ್ವಾ? ಆ ರೂಮು ಗುಡಿಸೋವಾಗ ಒಂದು ಗೊಂಬೆ ಉರುಳಿದ್ರೂ ನನ್ನ ಕಪಾಳಕ್ಕೆ ಬೀಳ್ತಿತ್ತು."

ಇಬ್ಬರ ನಡುವೆ ಕೂತಿದ್ದ ಅಣ್ಣನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವನು ಎಡಗೈಯಿಂದ ತಮ್ಮನ ಅಂಗಿಯ ತುದಿ ಹಿಡಿದುಕೊಂಡ. ಬೇಡುವವನ ಹಿಡಿತ ಅದು.

"ಬೀರುವಿನಲ್ಲಿ ಅವ್ರೇ ಮುಗಿಸಿದ ಪಡೆ ಪೂರ್ತಿ ಇದೆ," ಎಂದಳು ಅತ್ತಿಗೆ. "ಅದನ್ನೂ ಬಿಚ್ಚು. ನಾಳೆ ಬರ್ತೀಯೋ, ಇಲ್ಲ ನಾನೇ ಬ್ಲೇಡು ಹಿಡೀಲೋ?"

ಅಣ್ಣನ ಬೆರಳುಗಳನ್ನು ತಮ್ಮ ತನ್ನ ಅಂಗಿಯಿಂದ ಒಂದೊಂದಾಗಿ ಬಿಡಿಸಿದ.

"ಬರ್ತೀನಿ," ಎಂದ.